ಬ್ರೇಕು ಬಂಡೆ, ನೂರು ವರ್ಷ ಗ್ಯಾರಂಟಿ

ಬೀಳುತ್ತಿದ್ದ ಲಿಫ್ಟನ್ನು ಬುರುಡೆ ಮೇಸ್ತ್ರಿಗಳು ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸಿದರು. ಲಿಫ್ಟಿನೊಳಗೆ ಹದಿಮೂರು ಜನ, ಒಂದು ಕಬ್ಬಿಣದ ಬೀರು, ಆ ಬೀರುವಿಗೆ ಒರಗಿ ನಿಂತ ಒಬ್ಬ ದಢೂತಿ ವಕೀಲ. ಇಷ್ಟು ಭಾರ ಎಡಗೈಯಲ್ಲಿ ತೂಗುತ್ತಿರುವಾಗ ಬಲಗೈ ಸುಮ್ಮನಿದ್ದರೆ ಮರ್ಯಾದೆಯಲ್ಲವೆಂದು ಅದರಲ್ಲಿ ಲಾಗ್‌ಬುಕ್ಕು ಬಿಚ್ಚಿ, ನಡೆದದ್ದನ್ನೆಲ್ಲ ಆಗಿಂದಾಗಲೇ ಬರೆದಿಟ್ಟರು. ಒಂದಕ್ಷರ ಸೊಟ್ಟಗಾಗಲಿಲ್ಲ. ಬರೆದು ಮುಗಿಸಿ, ಪೆನ್ನಿನ ಮುಚ್ಚಳ ಹಾಕಿ, ಆಮೇಲೆ ಲಿಫ್ಟನ್ನು ಮೆಲ್ಲಗೆ, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ, ನೆಲಮಹಡಿಗೆ ಇಳಿಸಿದರು.

ಇದು ಹೇಗಾಯಿತು ಎಂದು ಮೊದಲಿನಿಂದ ಹೇಳಬೇಕು.

ಮೇಸ್ತ್ರಿಗಳು ಲಿಫ್ಟ್ ಮೆಕ್ಯಾನಿಕ್ಕು. ಇಪ್ಪತ್ತಮೂರು ವರ್ಷದ ಸರ್ವೀಸು. ಈ ಊರಲ್ಲಿ ನೆಲ ಬಿಟ್ಟು ಮೇಲೇರಿದವರು ಯಾರೇ ಇರಲಿ, ಅರ್ಧ ಪಾಲು ಜನರನ್ನು ಏರಿಸಿದ್ದು ಅವರೇ. ಉಳಿದರ್ಧವನ್ನು ಏರಿಸಿದ್ದು ಅವರ ಭಾವ, ಅಂದರೆ ಹೆಂಡತಿಯ ಅಣ್ಣ. ಭಾವನದೂ ಅದೇ ಕಂಪನಿ, ಅದೇ ಕೆಲಸ. ‘ಬುರುಡೆ’ ಎಂಬ ಬಿರುದು ಕೊಟ್ಟದ್ದೂ ಆ ಮನುಷ್ಯನೇ.

ಒಂಬತ್ತು ಮಹಡಿಯ ಹಳೇ ಕಟ್ಟಡವೊಂದು ಇಬ್ಬರ ಪಾಲಿಗೂ ಬಂದಿತ್ತು. ಒಂದು ವಾರ ಮೇಸ್ತ್ರಿಗಳು, ಮರುವಾರ ಭಾವ. ಲಿಫ್ಟಿನ ಯಂತ್ರವಿರುವುದು ತಾರಸಿಯ ಮೇಲಿನ ಮೋಟಾರ್ ರೂಮಿನಲ್ಲಿ. ಒಂಬತ್ತನೇ ಮಹಡಿಯಿಂದ ಅಲ್ಲಿಗೆ ಹೋಗಲು ಗೋಡೆಗೆ ಬಡಿದ ಕಬ್ಬಿಣದ ಏಣಿ. ಇನ್ನೂರು ಮೆಟ್ಟಿಲಿನ ಏಣಿ, ಮೋಡ ಮುಟ್ಟುವಷ್ಟು ನೆಟ್ಟಗೆ. ಲಾಗ್‌ಬುಕ್ಕು ಕೆಳಗೆ ಕಾವಲುಗಾರನ ಮೇಜಿನ ಖಾನೆಯಲ್ಲಿರುತ್ತಿತ್ತು. ಅದನ್ನು ಸೊಂಟಕ್ಕೆ ಸಿಗಿಸಿಕೊಂಡು ಏಣಿ ಹತ್ತಬೇಕು, ಯಂತ್ರ ನೋಡಬೇಕು, ಯಂತ್ರದ ಪಕ್ಕದಲ್ಲೇ ನಿಂತು, ಕೈ ತೊಳೆಯದೆ ಬರೆಯಬೇಕು. ಇದು ಇಬ್ಬರೂ ತಾವಾಗಿ ಮಾಡಿಕೊಂಡ ಕಟ್ಟಳೆ. ಹಾಗಾಗಿ ಪ್ರತಿ ಪುಟದ ಮೂಲೆಯಲ್ಲೂ ಒಂದು ಎಣ್ಣೆ ಹೆಬ್ಬೆಟ್ಟು.

ಇನ್ನು ಬರವಣಿಗೆ! ‘ಬೇರಿಂಗಿನಲ್ಲಿ ಶಬ್ದ’ ಎಂದು ಬರೆಯುವುದು ಮಿಕ್ಕ ಮೆಕ್ಯಾನಿಕ್ಕುಗಳ ಹಣೆಬರಹ. ಮೇಸ್ತ್ರಿಗಳು ಬರೆಯುತ್ತಿದ್ದದ್ದು ಹೀಗೆ: ‘ಮೋಟಾರಿನ ಬೇರಿಂಗು ಸಂಗೀತ ಕಛೇರಿ ಶುರು ಮಾಡಿದೆ. ಟಿಕೆಟ್ ಇಟ್ಟರೆ ಹೌಸ್‌ಫುಲ್.’ ಮರುವಾರ ಅದರ ಕೆಳಗೆ ಭಾವನ ಗುಂಡನೆಯ ಅಕ್ಷರ: ‘ಬೇರಿಂಗು ಬದಲಾಯಿಸಿದೆ. ಕಛೇರಿ ಬಂದ್. ಟಿಕೆಟಿನ ದುಡ್ಡು ವಾಪಸ್ ಕೊಡು.’ ಇನ್ನೊಮ್ಮೆ: ‘ಗೇರಿನ ಎಣ್ಣೆ ಎಷ್ಟು ಕಪ್ಪಾಗಿದೆಯೆಂದರೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡೆ.’ ಭಾವ: ‘ಎಣ್ಣೆ ಹೊಸದು ಹಾಕಿದೆ. ತಲೆಯಲ್ಲಿ ಬಾಚೋಕೆ ಏನಿದೆ ಅಂತ ಬಾಚಿದೆ?’ ಕಿಟಕಿಯಲ್ಲಿ ಪಾರಿವಾಳ ಗೂಡು ಕಟ್ಟಿದ ವಾರ ಮೇಸ್ತ್ರಿಗಳು ಪೂರ್ತಿ ಒಂದು ಪುಟ ಬರೆದಿದ್ದರು. ಬಾಡಿಗೆ ಕೇಳಿದ್ದಕ್ಕೆ ಅದು ಮೊಟ್ಟೆ ತೋರಿಸಿತಂತೆ. ಅಲ್ಲಿ ಒಬ್ಬರ ಮುಖ ಒಬ್ಬರು ನೋಡಿದ್ದೇ ಅಪರೂಪ. ಆದರೆ ಇಪ್ಪತ್ತಮೂರು ವರ್ಷ ಆ ಪುಸ್ತಕಗಳಲ್ಲಿ ಅವರು ಆಡಿದಷ್ಟು ಮಾತನ್ನು ಗಂಡಹೆಂಡಿರೂ ಆಡಿರಲಿಕ್ಕಿಲ್ಲ.

ಮೂರು ತಿಂಗಳ ಹಿಂದೆ ಮೇಸ್ತ್ರಿಗಳು ಆ ಏಣಿಯಿಂದ ಬಿದ್ದರು. ಮೂವತ್ತು ಅಡಿಯಿಂದ ಬಿದ್ದು, ಗಾಳಿಯಲ್ಲಿ ಎರಡು ಲಾಗ ಹಾಕಿ, ಬೆಕ್ಕಿನ ಹಾಗೆ ಕಾಲ ಮೇಲೇ ನಿಂತರು. ಒಂದು ಮಂಡಿಗೆ ಮಾತ್ರ ಸ್ವಲ್ಪ ಬೇಜಾರಾಯಿತು. ಆದರೆ ಆ ಭಾನುವಾರ ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ಭಾವ ಹೇಳಿದ್ದೇ ಬೇರೆ: “ಮೂವತ್ತು ಅಡಿ ಅಂತೆ! ಕಾವಲುಗಾರ ಕಣ್ಣಾರೆ ನೋಡಿದಾನೆ. ಕೆಳಗಿಂದ ಮೂರನೇ ಮೆಟ್ಟಿಲು. ಬಿದ್ದು ಅರ್ಧ ಗಂಟೆ ಅಮ್ಮಾ ಅಮ್ಮಾ ಅಂದಿದಾನೆ ನಮ್ಮ ಶೂರ.” ಇಡೀ ಮನೆ ನಕ್ಕಿತು. ಹೆಂಡತಿ ನಕ್ಕಳು, ಮಗಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮೇಸ್ತ್ರಿಗಳು ತಟ್ಟೆ ಬಿಟ್ಟು ಎದ್ದರು. ಅಂದಿನಿಂದ ಭಾವನ ಜೊತೆ ಮಾತಿಲ್ಲ, ಕತೆಯಿಲ್ಲ.

ಅಂದಿನಿಂದ ಏಣಿಯೂ ಇಲ್ಲ. ಮಂಡಿ ಬಿಡಲಿಲ್ಲ, ಏನು ಮಾಡುತ್ತೀರಿ? ತಮ್ಮ ವಾರ ಬಂದಾಗ ಮೇಸ್ತ್ರಿಗಳು ಒಂಬತ್ತನೇ ಮಹಡಿಯ ಮೆಟ್ಟಿಲ ಮೇಲೆ ಕೂತು, ಏಣಿಗೆ ಬೆನ್ನು ಹಾಕಿ, ಶುಭ್ರವಾದ ಕೈಯಲ್ಲಿ ಬರೆದರು: ‘ಬ್ರೇಕು ಬಂಡೆ. ನೂರು ವರ್ಷ ಗ್ಯಾರಂಟಿ.’ ಹೀಗೆ ಆರು ಸಲ. ಬ್ರೇಕನ್ನು ಒಂದು ಸಲವೂ ನೋಡಲಿಲ್ಲ.

ಭಾವ ಹೇಗೂ ಮರುವಾರ ನೋಡುತ್ತಾನಲ್ಲ ಎಂಬ ಧೈರ್ಯ.

ಅಷ್ಟರಲ್ಲಿ ಕಂಪನಿಗೆ ಹೊಸ ಯಂತ್ರ ಬಂತು. ಯಂತ್ರವೆಂದರೆ ಕಾಣುವಂಥದ್ದಲ್ಲ, ಫೋನಿನಲ್ಲಿ ಕೂತು ಓದುವ, ಬರೆಯುವ, ನಿರ್ಧಾರ ಹೇಳುವ ಆ್ಯಪು. ಆಫೀಸಿನ ಮೇಡಂ ಎಲ್ಲ ಕಟ್ಟಡಗಳ ಎಲ್ಲ ಲಾಗ್‌ಬುಕ್ಕುಗಳ ಫೋಟೋ ವಾರವಾರ ತೆಗೆಸಿ ಅದರ ಬಾಯಿಗೆ ಹಾಕತೊಡಗಿದರು. ಬರುವ ತಿಂಗಳಿಂದ ಪುಸ್ತಕ ಬೇಡ, ಗುಂಡಿ ಒತ್ತಿದರೆ ವರದಿಯನ್ನು ಆ್ಯಪೇ ಬರೆಯುತ್ತದೆ ಎಂದರು. ಜೊತೆಗೆ, ಒಂದು ಕಟ್ಟಡಕ್ಕೆ ಇಬ್ಬರೇಕೆ ಎಂದು ಆ್ಯಪು ಲೆಕ್ಕ ಹಾಕಿ, ಭಾವನನ್ನು ಊರಾಚೆಯ ವಲಯಕ್ಕೆ ಎತ್ತಿಹಾಕಿತು. ಈ ಸುದ್ದಿ ಮೇಸ್ತ್ರಿಗಳಿಗೆ ಗೊತ್ತಾದದ್ದು ಒಂದು ಸೋಮವಾರ ಮಧ್ಯಾಹ್ನ, ಟೀ ಅಂಗಡಿಯಲ್ಲಿ, ಫೋನು ತೆರೆದಾಗ. ಅದರ ಕೆಳಗೇ ಇನ್ನೊಂದು ಸುದ್ದಿ:

‘ಬ್ರೇಕ್ ವ್ಯವಸ್ಥೆ ಅತ್ಯುತ್ತಮ ಸ್ಥಿತಿಯಲ್ಲಿದೆ. ಮುಂದಿನ ಹದಿನೆಂಟು ತಿಂಗಳು ಪರಿಶೀಲನೆ ಅಗತ್ಯವಿಲ್ಲ. ಆಧಾರ: ಹಿರಿಯ ಮೆಕ್ಯಾನಿಕ್ ಅವರ ಆರು ಸತತ ದಾಖಲೆಗಳು.’

ಮೇಸ್ತ್ರಿಗಳ ಕೈಯಲ್ಲಿದ್ದ ಟೀ ಲೋಟದಲ್ಲೇ ಕುದಿಯಿತು. ಎಷ್ಟು ಅಚ್ಚುಕಟ್ಟು ವಾಕ್ಯ! ಅದರಲ್ಲಿ ಬುರುಡೆಯ ವಾಸನೆಯೇ ಇಲ್ಲ. ಅವರದೇ ಸುಳ್ಳು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಅಧಿಕಾರಿಯಾಗಿ ಎದುರಿಗೆ ಬಂದು ಕೂತಿತ್ತು.

ಆ ಕಟ್ಟಡದ ಎಂಟನೇ ಮಹಡಿಯ ಹಲ್ಲಿನ ಆಸ್ಪತ್ರೆಯಲ್ಲಿ ಮೇಸ್ತ್ರಿಗಳ ಮಗಳಿಗೆ ಕೆಲಸ. ಕಟ್ಟು ಹಲ್ಲು ಮಾಡುತ್ತಾಳೆ. ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಾಳೆ. ಮೇಸ್ತ್ರಿಗಳು ನಡೆಯುತ್ತಲೇ ಫೋನು ಹಚ್ಚಿದರು.

“ಏನಪ್ಪಾ, ಇಷ್ಟು ಹೊತ್ತಿಗೆ?”

“ಏನಿಲ್ಲ ಕಣಮ್ಮ. ಇವತ್ತು ಲಿಫ್ಟಲ್ಲಿ ಓಡಾಡ್ಬೇಡ. ಮೆಟ್ಟಿಲು ಹತ್ತು. ಒಳ್ಳೇದು.”

“ಯಾರಿಗೆ ಒಳ್ಳೇದು? ಲಿಫ್ಟ್ ರಿಪೇರಿ ಮಾಡೋನು ಮಗಳಿಗೆ ಮೆಟ್ಟಿಲು ಹತ್ತು ಅಂತಾನೆ. ಏನಾಗಿದೆ ಅಪ್ಪಾ?”

“ಏನೂ ಆಗಿಲ್ಲ ಅಂದ್ನಲ್ಲ! ವ್ಯಾಯಾಮ!”

“ನೀನು ಇಷ್ಟು ಸಣ್ಣ ಸುಳ್ಳು ಹೇಳೋನೇ ಅಲ್ಲ,” ಎಂದಳು ಮಗಳು. “ದೊಡ್ಡದು ಹೇಳಿದ್ರೆ ಚಿಂತೆ ಇರ್ತಿರ್ಲಿಲ್ಲ.” ಮೇಸ್ತ್ರಿಗಳು ಫೋನು ಇಟ್ಟರು.

ಕಟ್ಟಡದ ಬಾಗಿಲಿಗೆ ಬಂದಾಗ ಕಾವಲುಗಾರ ಎದ್ದು ಲಿಫ್ಟಿನ ಗುಂಡಿ ಒತ್ತಿದ. ಮೇಸ್ತ್ರಿಗಳು ಮೆಟ್ಟಿಲ ಕಡೆ ತಿರುಗಿದರು.

“ಮೇಸ್ತ್ರೀ, ಲಿಫ್ಟ್ ಬಂತಲ್ಲ!”

“ಬಂತಾ? ಬರ್ಲಿ ಪಾಪ.”

ಲಿಫ್ಟನ್ನು ಅಲ್ಲೇ ಆರಿಸಿಬಿಡಬಹುದಿತ್ತಲ್ಲ ಎಂದು ಕೇಳುವವರಿಗೆ ಒಂದು ಮಾತು. ಆರಿಸಿದ ಮರುಕ್ಷಣ ಆಫೀಸಿನಲ್ಲಿ ಗಂಟೆ ಬಾರಿಸುತ್ತದೆ. ಕಾರಣ ಕೇಳುತ್ತಾರೆ. ಕಾರಣ ಹೇಳಿದರೆ ಆರು ವಾರದ ಬಂಡೆಯೂ ಪುಡಿ, ಇಪ್ಪತ್ತಮೂರು ವರ್ಷದ ಕೆಲಸವೂ ಪುಡಿ. ಅದಕ್ಕೇ ಮೊದಲು ಮೇಲೆ ಹೋಗಿ ನೋಡಿಬಿಡುವ ತಂತ್ರ. ಬ್ರೇಕು ಸರಿಯಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇದ್ದೇ ಇರುತ್ತದೆ. ಇರಲೇಬೇಕು.

ಮೊದಲ ಮಹಡಿಗೆ ಸಾವಿರ ಮೆಟ್ಟಿಲು, ಎರಡನೆಯದಕ್ಕೆ ಎರಡು ಸಾವಿರ. ಪಕ್ಕದ ಗೋಡೆಯೊಳಗೆ ಲಿಫ್ಟು ಹಗ್ಗ ತೀಡುತ್ತ ಮೇಲೆ ಹೋಗುವುದೂ ಕೆಳಗೆ ಬರುವುದೂ ಕೇಳುತ್ತಿತ್ತು. ಎರಡನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಲಿಫ್ಟಿನ ನೆಲ ಮಹಡಿಯ ನೆಲಕ್ಕಿಂತ ಒಂದು ಬೆರಳು ಮೇಲೆ ನಿಂತಿತ್ತು. ಇಬ್ಬರು ಗುಮಾಸ್ತರು ಇಳಿದು ಹೋದರು. ಮೇಸ್ತ್ರಿಗಳ ಬೆನ್ನಲ್ಲಿ ಬೆವರಿನ ಹೊಳೆ ಹರಿಯಿತು.

ಲಿಫ್ಟಿನ ಬ್ರೇಕಿಗೆ ಎರಡು ತೋಳು. ನಿಲ್ಲುವ ಹೊತ್ತಿಗೆ ಎರಡೂ ಕಡೆಯಿಂದ ಸ್ಪ್ರಿಂಗುಗಳು ಆ ತೋಳುಗಳನ್ನು ಒತ್ತಿ, ತಿರುಗುವ ಡ್ರಮ್ಮನ್ನು ಅಪ್ಪಿ ಹಿಡಿಯುತ್ತವೆ. ಒಂದು ಸ್ಪ್ರಿಂಗು ಸೋತರೆ ಹಿಡಿತ ಅರ್ಧ. ಜನ ಕಮ್ಮಿ ಇದ್ದಾಗ ಹಗ್ಗದ ಆಚೆ ತುದಿಗೆ ಕಟ್ಟಿದ ತೂಕದ ಕಲ್ಲುಗಳೇ ಭಾರವಾಗಿ ಲಿಫ್ಟು ಮೇಲಕ್ಕೆ ಜಾರುತ್ತದೆ. ಜಾರುವುದೂ ಯಾವಾಗ? ಬಾಗಿಲು ತೆರೆದು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟಾಗ.

ನಾಲ್ಕನೇ ಮಹಡಿಯಲ್ಲಿ ಬೆರಳು ಎರಡಾಗಿತ್ತು. ಕಡತ ಹಿಡಿದ ಒಬ್ಬರು ಎಡವಿ, ನೆಲವನ್ನೇ ಬೈದು ಹೋದರು. ಮೇಸ್ತ್ರಿಗಳು ಓಡಿದರು. ಮಂಡಿ ಬೇಡ ಎಂದಿತು, ಆದರೂ ಓಡಿದರು. ಆರನೇ ಮಹಡಿಗೆ ಮುಟ್ಟುವಾಗ ಲಿಫ್ಟು ಅಲ್ಲಿ ನಿಂತಿತು. ಬಾಗಿಲು ತೆರೆಯಿತು. ಊರುಗೋಲಿನ ಅಜ್ಜಿಯೊಬ್ಬರು, ಅವರ ಬೆರಳು ಹಿಡಿದ ಪುಟ್ಟ ಮೊಮ್ಮಗಳು. ಅಜ್ಜಿ ಊರುಗೋಲನ್ನು ಹೊರಗಿಟ್ಟರು. ಮೂರು ಬೆರಳು. ಅಜ್ಜಿಯ ಕಾಲು ಗಾಳಿಯಲ್ಲಿ ನೆಲ ಹುಡುಕುತ್ತಿತ್ತು.

ಮೇಸ್ತ್ರಿಗಳು ಹಾರಿ ಹೋಗಿ ಅಜ್ಜಿಯ ರಟ್ಟೆ ಹಿಡಿದರು. ಮಗುವನ್ನು ಎತ್ತಿಕೊಂಡರು. ಇಬ್ಬರನ್ನೂ ಆಚೆ ನಿಲ್ಲಿಸಿ, ಹೆಗಲಲ್ಲಿದ್ದ ಸಾಮಾನಿನ ಚೀಲವನ್ನು ಬಾಗಿಲಿಗೆ ಅಡ್ಡ ಹಾಕಿದರು. ಬಾಗಿಲು ಬಂತು, ಚೀಲ ಮುಟ್ಟಿತು, ಹಿಂದೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಖಾಲಿ ಲಿಫ್ಟು ಅಲ್ಲೇ ನಿಂತಿತು.

“ಎಷ್ಟು ಮರ್ಯಾದಸ್ಥ ಹುಡುಗ,” ಎಂದರು ಅಜ್ಜಿ. ಐವತ್ತಾರು ವರ್ಷದ ಮೇಸ್ತ್ರಿಗಳಿಗೆ ಅಳು ಬಂತು.

ಫೋನು ಗುರುಗುಟ್ಟಿತು. ಆಫೀಸಿನ ಮೇಡಂ. “ಮೇಸ್ತ್ರೀ, ಆರನೇ ಮಹಡೀಲಿ ಬಾಗಿಲು ಮುಚ್ತಿಲ್ಲ ಅಂತ ತೋರಿಸ್ತಿದೆ. ನೀವಲ್ಲೇ ಇದ್ದೀರಾ?”

“ಇದ್ದೀನಿ ಮೇಡಂ. ಬಾಗಿಲ ಸಂದು ಕ್ಲೀನ್ ಮಾಡ್ತಿದೀನಿ. ಇಪ್ಪತ್ತು ನಿಮಿಷ.”

“ಬೇಗ ಮುಗ್ಸಿ. ಅದರಲ್ಲಿ ಏನೂ ತೊಂದ್ರೆ ಇಲ್ಲ ಅಂತಿದೆ ವರದಿ.”

“ಹೌದು ಮೇಡಂ,” ಎಂದರು ಮೇಸ್ತ್ರಿಗಳು. “ವರದಿ ತುಂಬಾ ಚೆನ್ನಾಗಿದೆ.”

ಮುಂದಿನ ಮೂರು ಮಹಡಿ ಹೇಗೆ ಮುಗಿಯಿತೋ ಗೊತ್ತಿಲ್ಲ. ಏಣಿಯ ಬುಡದಲ್ಲಿ ನಿಂತು ತಲೆ ಎತ್ತಿದರು. ಏಣಿಯ ಸರಳನ್ನು ಬಿಗಿಯಾಗಿ ಹಿಡಿದರು, ಸಿಟ್ಟಿಗೆ. ಮೂರನೇ ಮೆಟ್ಟಿಲು ಬಂದಾಗ ಕಣ್ಣು ಮುಚ್ಚಿಕೊಂಡರು, ಧೂಳಿಗೆ. ಇನ್ನೂರು ಮೆಟ್ಟಿಲನ್ನೂ ಒಂದೇ ಉಸಿರಿನಲ್ಲಿ ಹತ್ತಿ, ಭುಜದಿಂದ ಬಾಗಿಲು ನೂಕಿದರು.

ಮೋಟಾರ್ ರೂಮು ಅದೇ ಹಳೇ ಬಿಸಿ ಗ್ರೀಸಿನ ವಾಸನೆಯಿಂದ ಮಾತಾಡಿಸಿತು. ಪಾರಿವಾಳದ ಗೂಡು ಖಾಲಿ. ಮೇಸ್ತ್ರಿಗಳು ಟಾರ್ಚು ಹಿಡಿದು ಬ್ರೇಕಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಡ್ರಮ್ಮಿಗೆ ಒತ್ತುವ ಲೈನಿಂಗು ಪಟ್ಟಿ ಹೊಸದು. ಯಾರೋ ಈಚೆಗೆ ಹಾಕಿದ್ದಾರೆ. ಬಲಗಡೆಯ ಸ್ಪ್ರಿಂಗು ಗಟ್ಟಿ. ಎಡಗಡೆಯದು ಎರಡು ತುಂಡಾಗಿ ಬಾಯಿ ಬಿಟ್ಟುಕೊಂಡಿತ್ತು.

ಮೇನ್ ಸ್ವಿಚ್ಚು ಎಳೆದರು. ಸದ್ದು ನಿಂತಿತು. ಎದ್ದು ತಿರುಗಿದಾಗ ಬಾಗಿಲ ಹಿಂದಿನ ಗೋಡೆ ಕಂಡಿತು. ಗೋಡೆಯ ತುಂಬ ಸೀಮೆಸುಣ್ಣದಲ್ಲಿ ಭಾವನ ಗುಂಡನೆಯ ಅಕ್ಷರ. ಲಾಗ್‌ಬುಕ್ಕು ಆಫೀಸಿಗೂ ಹೋಗುತ್ತದೆ, ಗೋಡೆ ಹೋಗುವುದಿಲ್ಲ. ಏಣಿ ಹತ್ತಿ ಬಂದವರಿಗೆ ಮಾತ್ರ ಕಾಣುವ ಜಾಗ. ತಾರೀಖು ಹಾಕಿ, ಭಾವ ತನ್ನ ಪ್ರತಿ ವಾರವೂ ಬರೆದಿದ್ದ. ಮೊದಲ ಸಾಲು ಹಳೆಯದಾಗಿ ಅಳಿಸಿಹೋಗಿತ್ತು. ಉಳಿದದ್ದು ಇಷ್ಟು:

‘ಲೈನಿಂಗು ಸವೆದಿತ್ತು, ಬದಲಾಯಿಸಿದೆ. ನಿನ್ನ ಪುಟದಲ್ಲಿ ಎಣ್ಣೆ ಕಲೆ ಇಲ್ಲ. ಅಷ್ಟು ಬೆಳ್ಳಗಿನ ಪುಟ ನೋಡಿದ್ರೆ ಭಯ ಆಗುತ್ತೆ ಮಾರಾಯ.’

‘ಪಾರಿವಾಳದ ಮರಿ ಹಾರಿ ಹೋಯ್ತು. ನೀನು ನೋಡಿದ್ರೆ ಎರಡು ಪುಟ ಬರೀತಿದ್ದೆ. ಮತ್ತೆ ಬಂಡೆ ಅಂತ ಬರ್ದಿದೀಯ. ನೋಡಿ ಬರೆಯೋವಾಗ ನೀನು ಇಷ್ಟು ಚಿಕ್ಕದಾಗಿ ಬುರುಡೆ ಬಿಡೋನಲ್ಲ.’

‘ಅವತ್ತು ಎಲ್ಲರ ಎದುರಿಗೆ ಹಾಗೆ ಹೇಳಬಾರದಿತ್ತು. ನಿನ್ನ ಮುಖ ನೋಡಿ ಹೇಳೋಕೆ ಬಾಯಿ ಬರ್ತಿಲ್ಲ. ಅದಕ್ಕೇ ಗೋಡೆ.’

ಕಡೆಯದು, ಹನ್ನೊಂದು ದಿನದ ಹಿಂದಿನದು: ‘ಎಡ ಸ್ಪ್ರಿಂಗಿನ ಮೇಲೆ ಒಂದು ಗೆರೆ. ಗ್ರೀಸೋ ಬಿರುಕೋ ನನಗೆ ಗೊತ್ತಾಗ್ಲಿಲ್ಲ. ಸಂಶಯ ಅಂತ ಆ್ಯಪಿಗೆ ಹಾಕಿದೆ. ನೀನು ಐದು ಸಲ ಬಂಡೆ ಅಂದಿದೀಯಂತೆ, ಐದರ ಎದುರು ನನ್ನದು ಒಂದು, ದೂರು ಮುಚ್ಚಿಬಿಡ್ತು. ನಾಳೆಯಿಂದ ನನ್ನನ್ನ ಆಚೆ ವಲಯಕ್ಕೆ ಹಾಕಿದಾರೆ. ಮುಂದಿನದು ನಿನ್ನ ವಾರ. ನಿನ್ನ ಕಣ್ಣು ನನ್ನದಕ್ಕಿಂತ ಚುರುಕು. ಹತ್ತಿ ನೋಡು.’

ಆ ‘ಮುಂದಿನ ವಾರ’ ನಾಲ್ಕು ದಿನದ ಹಿಂದೆಯೇ ಬಂದು ಹೋಗಿತ್ತು. ಮೇಸ್ತ್ರಿಗಳು ಒಂಬತ್ತನೇ ಮಹಡಿಯ ಮೆಟ್ಟಿಲ ಮೇಲೆ ಕೂತು ಆರನೇ ಬಂಡೆ ಬರೆದಿದ್ದರು.

ಯಂತ್ರ ಮೋಸ ಮಾಡಲಿಲ್ಲ, ನಂಬಿತು. ಭಾವನ ಸತ್ಯವನ್ನು ಮುಚ್ಚಿದ್ದು ಅದಲ್ಲ.

ಒಂದು ದಾರಿ ಇತ್ತು. ‘ಸ್ಪ್ರಿಂಗು ಇವತ್ತೇ ತುಂಡಾಯಿತು, ನಾನೇ ಕಂಡುಹಿಡಿದೆ’ ಎಂದರೆ ಶಹಭಾಸ್‌ಗಿರಿ ಸಿಗುತ್ತಿತ್ತು. ಅದಕ್ಕೆ ಅಡ್ಡವಾಗಿದ್ದದ್ದು ಈ ಗೋಡೆಯೊಂದೇ. ಮೇಸ್ತ್ರಿಗಳ ಕೈಯಲ್ಲಿ ಎಣ್ಣೆ ಒರೆಸುವ ಬಟ್ಟೆಯೂ ಇತ್ತು. ಆದರೆ ಅವರು ಎಂಥ ಮನುಷ್ಯ! ಆ ಬಟ್ಟೆಯನ್ನು ಕಿಟಕಿಯಿಂದಾಚೆ ಬೀಸಿ ಎಸೆದರು. ಪಕ್ಕದ ಊರಿನಲ್ಲಿ ಹೋಗಿ ಬಿತ್ತು. ಆ ಕ್ಷಣಕ್ಕೇ ಲಿಫ್ಟು ಬೀಳತೊಡಗಿತು. ಮೇಸ್ತ್ರಿಗಳು ಎಡಗೈ ಚಾಚಿ ಹಗ್ಗ ಹಿಡಿದರು. ಒಳಗೆ ಹದಿಮೂರು ಜನ, ಒಂದು ಕಬ್ಬಿಣದ ಬೀರು, ಬೀರುವಿಗೆ ಒರಗಿ ನಿಂತ ಒಬ್ಬ ದಢೂತಿ ವಕೀಲ.

*

ಇಲ್ಲಿಯವರೆಗೆ ಬರೆದದ್ದನ್ನು ಮಗಳು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಓದಿದಳು.

“ಅಪ್ಪಾ, ಯಾರಪ್ಪ ಇದು, ಮೇಸ್ತ್ರಿಗಳು? ನಿಲ್ಲಿಸಿದರು, ಹತ್ತಿದರು, ಎಸೆದರು. ನಿನ್ನ ಬಗ್ಗೆ ನೀನೇ ಬಹುವಚನ ಹಾಕ್ಕೊಂಡು ಬರ್ದಿದೀಯಲ್ಲ! ಮೇಡಂ ಕೇಳಿದ್ದು ನಿನ್ನ ಹೇಳಿಕೆ.”

ಕೇಳಿದ್ದು ನಿಜ. ಸುರಕ್ಷತಾ ಅಧಿಕಾರಿಗೆ ಕೊಡಬೇಕಂತೆ, ಕೈಯಾರೆ ಬರೆದದ್ದೇ ಆಗಬೇಕಂತೆ. ಆ್ಯಪು ಒಂದು ನಿಮಿಷದಲ್ಲಿ ಬರೆದುಕೊಡುತ್ತಲ್ಲ ಮೇಡಂ ಅಂದಿದ್ದಕ್ಕೆ ಅವರು, “ಬರ್ಕೊಡುತ್ತೆ. ಅದು ಅಲ್ಲಿತ್ತಾ ಮೇಸ್ತ್ರೀ?” ಅಂದಿದ್ದರು.

“ಮತ್ತೆ ಇದು,” ಅಂದಳು ಮಗಳು, ಬೆರಳಿಟ್ಟು. “ಆರನೇ ಮಹಡೀಲಿ ಚೀಲ ಅಡ್ಡ ಇಟ್ಟು ಖಾಲಿ ಲಿಫ್ಟ್ ನಿಲ್ಲಿಸ್ದೆ ಅಂತ ನೀನೇ ಬರ್ದಿದೀಯ. ಮೇನ್ ಸ್ವಿಚ್ ಬೇರೆ ಎಳ್ದಿದೀಯ. ಹದಿಮೂರು ಜನ ಎಲ್ಲಿಂದ ಬಂದ್ರು? ಬೀರು ಯಾರು ಹೊತ್ಕೊಂಡ್ ಬಂದ್ರು?”

“ಅದು ಸ್ವಲ್ಪ ರುಚಿಗೆ...”

“ನಂಗೇನೋ ನಗು ಬಂತು. ಆದ್ರೆ ಬುರುಡೆ ಇಲ್ಲಿ ಇಷ್ಟು ದಪ್ಪ ಆಗಿದೆ ಅಂದ್ರೆ ಇಲ್ಲೇ ಏನೋ ಮುಚ್ಚಿಟ್ಟಿದೀಯ. ಮಾವ ಯಾವಾಗ್ಲೂ ಹೇಳ್ತಿದ್ರು.” ಅವಳು ನನ್ನ ಬಲಗೈ ಹಿಡಿದು ಅಂಗಿಯ ತೋಳು ತಿರುಗಿಸಿದಳು. “ಬಟ್ಟೆ ಪಕ್ಕದ ಊರಿಗೆ ಎಸೆದ್ಯಲ್ಲ. ಮತ್ತೆ ತೋಳಿಗೆಲ್ಲ ಸೀಮೆಸುಣ್ಣ ಹೇಗಾಯ್ತು?”

ಹೌದು, ಆ ಮೇಸ್ತ್ರಿ ನಾನೇ. ‘ಗಳು’ ಬೇಡ. ಹೊಸ ಹಾಳೆ ತೆಗೆದುಕೊಂಡೆ. ಸುರಕ್ಷತಾ ಅಧಿಕಾರಿಗಳಿಗೆ ಅರಿಕೆ:

ಏಣಿಗೆ ಇಪ್ಪತ್ತೆರಡು ಮೆಟ್ಟಿಲು. ನಾನು ಬಿದ್ದದ್ದು ಮೂರನೆಯದರಿಂದ. ಮಂಡಿ ಎರಡೇ ವಾರದಲ್ಲಿ ವಾಸಿಯಾಯಿತು. ಆಮೇಲೆ ಹತ್ತದೇ ಇದ್ದದ್ದು ಹೆದರಿಕೆಗೆ. ಹೆದರಿಕೆ ಎಂದು ಹೇಳಲು ನಾಚಿಕೆ. ಆರು ಸಲ ನೋಡದೆ ಬರೆದೆ. ಕೆಳಗೇ ಲಿಫ್ಟು ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಮಗಳಿಗೆ ಮಾತ್ರ ಹೇಳಿ, ನಾನು ಆರನೇ ಮಹಡಿ ಮುಟ್ಟುವವರೆಗೆ ಮಿಕ್ಕವರನ್ನು ಅದರಲ್ಲೇ ಓಡಾಡಲು ಬಿಟ್ಟೆ. ಲಿಫ್ಟನ್ನು ಒಂದೇ ಕೈಯಲ್ಲಿ ಹಿಡಿದದ್ದು ನಾನಲ್ಲ. ಬಲಗಡೆಯ ಸ್ಪ್ರಿಂಗು ಹಿಡಿದಿತ್ತು, ಎಷ್ಟು ದಿನದಿಂದಲೋ. ಅದಕ್ಕೆ ನನ್ನ ಹೆಸರಿಲ್ಲ.

ಗೋಡೆಯ ಕಡೆಯ ಸಾಲನ್ನು ಮೊದಲು ಓದಿದೆ. ಓದಿದ ಕೂಡಲೇ, ಮಿಕ್ಕದ್ದನ್ನು ಓದದೆ, ಮೇಲಿನಿಂದ ಒರೆಸಲು ಶುರು ಮಾಡಿದೆ. ಎಣ್ಣೆ ಬಟ್ಟೆ ಜಾರುತ್ತಿತ್ತು, ಅಂಗಿಯ ತೋಳಿಂದ ಒರೆಸಿದೆ. ಮೊದಲ ಸಾಲು ಪೂರ್ತಿ ಹೋಯಿತು. ಎರಡನೆಯದಕ್ಕೆ ಕೈ ಇಟ್ಟಾಗ ‘ಮಾರಾಯ’ ಕಂಡಿತು. ಕೈ ನಿಂತಿತು. ಅಲ್ಲಿಂದಲೇ ಮೇಡಂಗೆ ಫೋನು ಮಾಡಿ ಎಲ್ಲ ಹೇಳಿದೆ. ಒರೆಸಿದ್ದನ್ನು ಮಾತ್ರ ಹೇಳಿರಲಿಲ್ಲ. ಮುಂದಿನ ಕ್ರಮ ಏನಿದ್ದರೂ ಒಪ್ಪಿದೆ.

ಹೇಳಿಕೆ ಅಷ್ಟೇ. ಸಹಿ ಹಾಕಿ ಮಗಳಿಗೆ ಕೊಟ್ಟೆ. ಅವಳು ಓದಿ ಮಡಿಸಿಟ್ಟಳು. ಎದ್ದು ಟೀಗೆ ಇಟ್ಟಳು.

ಇಳಿಯುವ ಮೊದಲು ಆ ಗೋಡೆಯ ಫೋಟೋ ತೆಗೆದಿದ್ದೆ. ಮೊದಲ ಸಾಲಿನ ಜಾಗದಲ್ಲಿ ಬಿಳಿ ಮಬ್ಬು, ಒಂದು ತುದಿಯಲ್ಲಿ ಅರ್ಧ ಅಕ್ಷರ. ಟೀ ಕುದಿಯುವಷ್ಟರಲ್ಲಿ ಆ್ಯಪಿಗೆ ಅದನ್ನು ತೋರಿಸಿದೆ, ಇಲ್ಲೇನಿತ್ತು ಹೇಳು ಎಂದು. ಕಣ್ಣು ಮಿಟುಕಿಸುವುದರೊಳಗೆ ಮೂರು ಸಾಲು ಕೊಟ್ಟಿತು. ಒಂದರಲ್ಲಿ ಮಂಡಿಯ ಆರೋಗ್ಯ ವಿಚಾರಿಸಿತ್ತು, ಒಂದರಲ್ಲಿ ಏಣಿ ಹತ್ತುವಾಗ ಎಚ್ಚರ ಅಂದಿತ್ತು, ಒಂದರಲ್ಲಿ ಕ್ಷಮೆ ಕೇಳಿತ್ತು. ಮೂರೂ ಚೆನ್ನಾಗಿದ್ದವು. ಯಾವುದನ್ನು ಓದಿದರೂ ಎದೆಯೊಳಗೆ ಏನೂ ಆಗಲಿಲ್ಲ.

ಮೂರು ತಿಂಗಳಲ್ಲಿ ಮೊದಲ ಸಲ ಭಾವನಿಗೆ ಫೋನು ಹಚ್ಚಿದೆ. ಗಂಟೆ ಬಾರಿಸುತ್ತಿದ್ದಷ್ಟೂ ಹೊತ್ತು, ಎತ್ತದಿದ್ದರೆ ಸಾಕಪ್ಪಾ ಎಂದುಕೊಂಡೆ. ಎತ್ತಿದರು.

“ಏನೋ ಬುರುಡೆ,” ಅಂದರು. “ಹತ್ತಿದ್ಯಾ?”

“ಹತ್ತಿದೆ ಭಾವ.”

“ಗೆರೆ?”

“ಬಿರುಕೇ. ತುಂಡಾಗಿತ್ತು. ಯಾರಿಗೂ ಏನೂ ಆಗಿಲ್ಲ.”

ಆಚೆ ಕಡೆ ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು. “ನಾನೇ ಫೋನ್ ಮಾಡ್ಬೇಕಿತ್ತು ಕಣೋ. ಹಾಳು ಹಟ.”

“ಭಾವ, ಗೋಡೆ ಮೇಲೆ ಮೊದಲನೇ ಸಾಲು. ಏನು ಬರ್ದಿದ್ರಿ?”

“ಮೊದಲನೇದಾ?” ಅಂದರು. “ಅವತ್ತು ಏನೋ ಮನಸ್ಸಿಗೆ ಬಂದಿದ್ದು ಬರ್ದೆ ಮಾರಾಯ. ನೆನಪಿಲ್ಲ. ಯಾಕೆ, ನೀನು ಓದಿದ್ಯಲ್ಲ?”

ಚಾವಣಿಯಿಂದ ನೀರು ಸೋರಿತು ಅನ್ನಬಹುದಿತ್ತು. ಪಾರಿವಾಳದ ರೆಕ್ಕೆ ಬಡಿದು ಹೋಯಿತು ಅಂದಿದ್ದರೂ ನಂಬುತ್ತಿದ್ದರು. ಮಗಳು ಎದುರಿಗೆ ಲೋಟ ಇಟ್ಟು, ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

“ಓದ್ಲಿಲ್ಲ ಭಾವ,” ಅಂದೆ. “ಒರೆಸಿಬಿಟ್ಟೆ.”